ಟ್ರೇಯ ನಡುವಿನ ಬಿಸಿ ಅಳೆಯದೆ ಶಿಲೀಂಧ್ರ ಬೆಳೆಸಬೇಡಿ

ಭತ್ತದ ಹುಲ್ಲು ಮತ್ತು ಗೋಧಿ ಬೂಸಾದ ಮೇಲೆ ಶಿಲೀಂಧ್ರ ಬೆಳೆಸಿ, ಸಸ್ಯದ ನಾರನ್ನು ಸಕ್ಕರೆಯಾಗಿ ಒಡೆಯುವ ಸೆಲ್ಯುಲೇಸ್ ಕಿಣ್ವ ತಯಾರಿಸುವ ಸಣ್ಣ ಘಟಕವೊಂದನ್ನು ನಾವು ಮೂವರು ಸೇರಿ ಆರಂಭಿಸಿದ್ದೆವು. ಫ್ಲಾಸ್ಕಿನಲ್ಲಿ ಮತ್ತೆ ಮತ್ತೆ ಚೆನ್ನಾಗಿ ಬಂದಿದ್ದ ಕೆಲಸ, ಟ್ರೇಗಳಿಗೆ ಇಳಿದ ಮೊದಲ ತಿಂಗಳಲ್ಲೇ ಪೂರ್ತಿ ಕೆಟ್ಟಿತು. ಮಾಲು ಹಾಳಾದ ನಷ್ಟವನ್ನು ಹೇಗೋ ತಡೆದುಕೊಂಡೆವು. ನಮ್ಮಲ್ಲೊಬ್ಬರ ಶ್ವಾಸಕೋಶಕ್ಕೆ ಬಿದ್ದ ಪೆಟ್ಟನ್ನು ಮಾತ್ರ ಇಂದಿಗೂ ಮರೆಯಲಾಗಿಲ್ಲ. ಕೃಷಿ ತ್ಯಾಜ್ಯದಿಂದ ಕಿಣ್ವ ತೆಗೆಯಲು ಹೊರಟಿರುವವರು ಮೊದಲ ಟ್ರೇ ತುಂಬುವ ಮುನ್ನ ಇದನ್ನು ಓದಬೇಕೆಂಬ ಕಳಕಳಿಯಿಂದ ಬರೆಯುತ್ತಿದ್ದೇನೆ.

ನಾವು ಬಳಸಿದ್ದು ಟ್ರೈಕೋಡರ್ಮಾ ರೀಸೈ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಸೈನಿಕರ ಹತ್ತಿ ಬಟ್ಟೆಯ ಡೇರೆಗಳನ್ನು ತಿಂದುಹಾಕಿ ಗಮನ ಸೆಳೆದ ಶಿಲೀಂಧ್ರವಿದು. ನಾರನ್ನು ಕರಗಿಸುವುದರಲ್ಲಿ ಇದಕ್ಕೆ ಸಾಟಿಯಾದವು ಕಡಿಮೆ. ಆದರೆ ಇದಕ್ಕೆ 28ರಿಂದ 30 ಡಿಗ್ರಿ ಸೆಲ್ಸಿಯಸ್‌ನ ಹಿತವಾದ ವಾತಾವರಣ ಬೇಕು. ಫ್ಲಾಸ್ಕಿನಲ್ಲಿ ಐದು ಗ್ರಾಂ ಬೂಸಾ ಇಟ್ಟಾಗ ಆ ಹಿತ ತಾನಾಗಿಯೇ ಒದಗುತ್ತದೆ, ಹಾಗಾಗಿ ಅದರ ಬಗ್ಗೆ ನಾವು ಯೋಚಿಸಿಯೇ ಇರಲಿಲ್ಲ.

ಶಿಲೀಂಧ್ರದ ಕಲ್ಚರ್ (ಬಿತ್ತನೆಗೆಂದು ಬೆಳೆಸಿದ ಶಿಲೀಂಧ್ರ) ಮಾರಿದ ಸಲಹೆಗಾರರು ಟ್ರೇಗಳನ್ನು ಅಂಚಿನವರೆಗೆ ತುಂಬಿಸಿ, ಕೋಣೆಯ ಉಷ್ಣತೆ ಸರಿಯಾಗಿದ್ದರೆ ಸಾಕು ಎಂದಿದ್ದರು. ಹನ್ನೆರಡು ಸೆಂಟಿಮೀಟರ್ ದಪ್ಪಕ್ಕೆ ತುಂಬಿದೆವು. ಗೋಡೆಯ ಮೇಲಿನ ಉಷ್ಣಮಾಪಕ ಮೂರು ದಿನವೂ 29 ಎಂದೇ ತೋರಿಸುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಕೋಣೆಯ ಬಾಗಿಲು ತೆರೆದಾಗ, ಹಸಿ ಹುಲ್ಲಿನ ಎಂದಿನ ವಾಸನೆಯ ಬದಲು ಅಮೋನಿಯಾದಂಥ ಘಾಟು ಮೂಗಿಗೆ ಹೊಡೆಯಿತು. ಟ್ರೇಯ ಮೇಲ್ಮೈಯಲ್ಲಿ ಶಿಲೀಂಧ್ರದ ಎಳೆಗಳ ಬಿಳಿಯ ಕವಕಜಾಲ ಚಾಪೆಯಂತೆ ಬಿಗಿದುಕೊಂಡು, ಅಂಚಿನಿಂದ ಕುಗ್ಗಿ, ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಕೈಗವಸು ತೊಟ್ಟ ಬೆರಳನ್ನು ಬಿರುಕಿನೊಳಗೆ ಇಳಿಸಿದಾಗ ಒಳಗಿನ ಬಿಸಿಗೆ ಥಟ್ಟನೆ ಹಿಂದೆಗೆದುಕೊಂಡೆ. ಆಮೇಲೆ ಅಳೆದಾಗ ನಡುಭಾಗದಲ್ಲಿ 48 ಡಿಗ್ರಿ ಇತ್ತು.

ಇದಕ್ಕೆ ಕಾರಣ ಸರಳವಾದದ್ದು, ಗೊತ್ತಿರಲೇಬೇಕಾದದ್ದು. ಶಿಲೀಂಧ್ರವೂ ಉಸಿರಾಡುತ್ತದೆ, ಉಸಿರಾಟದಿಂದ ಶಾಖ ಹುಟ್ಟುತ್ತದೆ. ಒಂದು ಕಿಲೋ ಗ್ಲೂಕೋಸ್ ಪೂರ್ತಿ ಉತ್ಕರ್ಷಣಗೊಂಡರೆ ಸುಮಾರು 15,600 ಕಿಲೋಜೂಲ್ ಶಾಖ ಹೊರಬರುತ್ತದೆ, ಅಂದರೆ 370 ಲೀಟರ್ ನೀರನ್ನು ಹತ್ತು ಡಿಗ್ರಿ ಬಿಸಿ ಮಾಡುವಷ್ಟು. ದ್ರವದ ತೊಟ್ಟಿಯಲ್ಲಾದರೆ ನೀರು ಕಲಕುತ್ತಾ ಆ ಶಾಖವನ್ನು ಹೊರಗೆ ಒಯ್ಯುತ್ತದೆ. ಬೂಸಾ ಮತ್ತು ಹುಲ್ಲಿನ ರಾಶಿಯಾದರೋ ಗಾಳಿಯನ್ನು ಹಿಡಿದಿಟ್ಟುಕೊಂಡು ಕಂಬಳಿಯಂತೆ ಶಾಖವನ್ನು ಒಳಗೇ ಉಳಿಸಿಕೊಳ್ಳುತ್ತದೆ, ಆಮ್ಲಜನಕವೂ ತಳಕ್ಕೆ ಇಳಿಯುವುದಿಲ್ಲ. ಟ್ರೇಗಳಲ್ಲಿ ಸಾಮಾನ್ಯವಾಗಿ ಐದು ಸೆಂಟಿಮೀಟರ್ ಮೀರದಂತೆ ತುಂಬುವುದು ಇದೇ ಕಾರಣಕ್ಕೆ.

ಆ ಬಿಸಿಯಲ್ಲಿ ನಮ್ಮ ಶಿಲೀಂಧ್ರ ಸೊರಗಿತು, ಬೇರೊಂದು ಬೆಳೆಯಿತು. ಪಕ್ಕದ ಕೋಣೆಯಲ್ಲೇ ಒಣಹುಲ್ಲು ಕತ್ತರಿಸುತ್ತಿದ್ದೆವು. ಅದರ ಧೂಳು, ಕ್ರಿಮಿಶುದ್ಧ ಮಾಡಿ ತಂದು ಹರಡಿದ ಬೂಸಾದ ಮೇಲೆ ಬಿದ್ದಿರಬೇಕು. ಆ ಧೂಳಿನಲ್ಲಿ ಆಸ್ಪರ್ಜಿಲಸ್ ಫ್ಯುಮಿಗಾಟಸ್‌ನ ಬೀಜಕಗಳು (ಶಿಲೀಂಧ್ರ ಹರಡಲು ಬಿಡುವ ಬೀಜದಂಥ ಸೂಕ್ಷ್ಮ ಕಣಗಳು) ಇರುವುದು ಸಾಮಾನ್ಯ, ಮತ್ತು ಆ ಶಿಲೀಂಧ್ರ 50 ಡಿಗ್ರಿಯಲ್ಲೂ ಬೆಳೆಯಬಲ್ಲದು. ಟ್ರೈಕೋಡರ್ಮಾದ ಬೀಜಕಗಳು ಹಸಿರು, ಇದರವು ಬೂದಿ ಮಿಶ್ರಿತ ನೀಲಿ ಹಸಿರು. ಐದನೆಯ ದಿನ ಹಸಿರು ಕಂಡಾಗ ನಮ್ಮದೇ ಬೀಜಕ ಕಟ್ಟಿತೆಂದು ನಾವು ಸಂತೋಷಪಟ್ಟೆವು. ಬಣ್ಣ ನೋಡಿ ಶಿಲೀಂಧ್ರವನ್ನು ಗುರುತಿಸಬಾರದು. ಪ್ರತಿ ಬ್ಯಾಚಿನ ಚೂರೊಂದನ್ನು ಪೆಟ್ರಿ ತಟ್ಟೆಯಲ್ಲಿ ಬೆಳೆಸಿ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.

ಅನುಮಾನ ಹುಟ್ಟದಿರಲು ಇನ್ನೊಂದು ಕಾರಣ ನಮ್ಮದೇ ಪರೀಕ್ಷೆ. ಟ್ರೇಯಿಂದ ತೆಗೆದ ಸಾರದಲ್ಲಿ ಕಾಗದದ ಪಟ್ಟಿ ಇಟ್ಟು, ಅದರ ನಾರು ಕರಗಿ ಬಿಡುವ ಸಕ್ಕರೆಯಿಂದ ಕಿಣ್ವದ ಚಟುವಟಿಕೆಯನ್ನು ಡಿಎನ್‌ಎಸ್ (ಸಕ್ಕರೆಯೊಂದಿಗೆ ಕುದಿಸಿದಾಗ ಬಣ್ಣ ಬದಲಿಸುವ ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲ) ವಿಧಾನದಲ್ಲಿ ಅಳೆಯುತ್ತಿದ್ದೆವು. ಈ ವಿಧಾನ ಗುರುತಿಸುವುದು ಕಿಣ್ವವನ್ನಲ್ಲ, ಗ್ಲೂಕೋಸಿನಂಥ ಅಪಕರ್ಷಕ ಸಕ್ಕರೆಯನ್ನು. ಹುಲ್ಲು ಆಗಲೇ ಕರಗಿ ಬಿಟ್ಟಿರುವ ಸಕ್ಕರೆ ಸಾರದಲ್ಲಿದ್ದರೆ ಅದೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಸಂಖ್ಯೆ ಬಹಳ ಚೆನ್ನಾಗಿ ಬರುತ್ತಿತ್ತು. ಕೊನೆಗೊಂದು ದಿನ ಕಾಗದದ ಪಟ್ಟಿಯನ್ನು ಹಾಕದೆ, ಬರೀ ಸಾರಕ್ಕೆ ಡಿಎನ್‌ಎಸ್ ಬೆರೆಸಿ ಕುದಿಸಿ ನೋಡಿದೆ. ಹಳದಿ ದ್ರವ ನಾಲ್ಕೈದು ನಿಮಿಷದಲ್ಲಿ ಗಾಢ ಕೆಂಪು ಕಂದು ಬಣ್ಣಕ್ಕೆ ತಿರುಗಿತು, ಪರೀಕ್ಷೆಯ ನಳಿಕೆಯಷ್ಟೇ ಗಾಢವಾಗಿ. ಕಿಣ್ವದ ಬ್ಲ್ಯಾಂಕ್ (ಕಾಗದವಿಲ್ಲದ ಬರೀ ಸಾರದ ನಳಿಕೆ) ಮತ್ತು ಕಾಗದದ ಬ್ಲ್ಯಾಂಕ್ (ಸಾರವಿಲ್ಲದ ಬರೀ ಕಾಗದದ ನಳಿಕೆ) ಎರಡರ ಅಳತೆಯನ್ನೂ ಕಳೆಯದೆ ಬಂದ ಯಾವ ಸಂಖ್ಯೆಯನ್ನೂ ನಂಬಬೇಡಿ, ಅದನ್ನು ಖರೀದಿದಾರರಿಗೂ ತೋರಿಸಬೇಡಿ.

ಅಷ್ಟು ಹೊತ್ತಿಗೆ ಆಗಬಾರದ್ದು ಆಗಿತ್ತು. ನಮ್ಮ ಜೊತೆಗಾರರೊಬ್ಬರು ಒಣಗಿದ ಟ್ರೇಗಳನ್ನು ಬಾಯಿಗೆ ಬಟ್ಟೆಯನ್ನಷ್ಟೇ ಕಟ್ಟಿಕೊಂಡು ಚೀಲಗಳಿಗೆ ಸುರಿದಿದ್ದರು. ಪ್ರತಿ ಟ್ರೇ ಮಗುಚಿದಾಗಲೂ ಹಸಿರು ಹೊಗೆಯಂಥದ್ದು ಎದೆಯ ಮಟ್ಟಕ್ಕೆ ಏಳುತ್ತಿದ್ದುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೆ, ತಡೆಯಲಿಲ್ಲ. ಅಂದು ಸಂಜೆ ಅವರಿಗೆ ಚಳಿಜ್ವರ, ಒಣಕೆಮ್ಮು, ಎದೆ ಬಿಗಿತ. ಬೂಷ್ಟು ಹಿಡಿದ ಹುಲ್ಲಿನ ಧೂಳಿನಿಂದ ರೈತರಿಗೆ ಬರುವ ಶ್ವಾಸಕೋಶದ ಅಲರ್ಜಿಯ ಉರಿಯೂತವೇ ಇದು ಎಂದು ವೈದ್ಯರು ಹೇಳಿದರು. ಈ ಬೀಜಕಗಳು ಎರಡು ಮೂರು ಮೈಕ್ರಾನ್ ಗಾತ್ರದವು. ಬಟ್ಟೆ ಅವನ್ನು ತಡೆಯಲಾರದು, ಉಸಿರಿನೊಂದಿಗೆ ಅವು ಶ್ವಾಸಕೋಶದ ಗಾಳಿಚೀಲಗಳವರೆಗೂ ಹೋಗುತ್ತವೆ. ಆಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಆ ಕೋಣೆಯ ಹತ್ತಿರವೂ ಸುಳಿಯಬಾರದು.

ಈಗ ನಮ್ಮಲ್ಲಿ ಪ್ರತಿ ಟ್ರೇಯ ನಡುವೆ ಉದ್ದ ಕಡ್ಡಿಯ ಉಷ್ಣಮಾಪಕವಿದೆ. ಪದರ ನಾಲ್ಕು ಸೆಂಟಿಮೀಟರ್ ಮಾತ್ರ, ಕೋಣೆಯಲ್ಲಿ ತೇವಭರಿತ ಗಾಳಿ ಹರಿಯುತ್ತಿರುತ್ತದೆ, ಹುಲ್ಲು ಕತ್ತರಿಸುವ ಯಂತ್ರ ಬೇರೆ ಕಟ್ಟಡಕ್ಕೆ ಹೋಗಿದೆ. ಬೂಸಾವನ್ನು ಮೊದಲೇ ಚೆನ್ನಾಗಿ ನೆನೆಸಿ, ಸಣ್ಣ ಚೀಲಗಳಲ್ಲಿ ತುಂಬಿ ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಿಂದ ಕ್ರಿಮಿಶುದ್ಧ ಮಾಡುವ ಪಾತ್ರೆ) 121 ಡಿಗ್ರಿಗೆ ಇಡುತ್ತೇವೆ, ಏಕೆಂದರೆ ದೊಡ್ಡ ಚೀಲದ ಒಣ ನಡುಭಾಗಕ್ಕೆ ಹಬೆ ತಲುಪುವುದೇ ಇಲ್ಲ. ಕಿಣ್ವವನ್ನು ಬೀಜಕ ಕಟ್ಟುವ ಮೊದಲೇ, ಟ್ರೇ ಹಸಿಯಾಗಿರುವಾಗಲೇ ತೆಗೆಯುತ್ತೇವೆ. ಒಳಗೆ ಹೋಗುವವರು ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮುಖಗವಸು ಧರಿಸಿರುತ್ತಾರೆ. ಕೆಟ್ಟ ಟ್ರೇಯನ್ನು ಯಾರೂ ಮಗುಚುವುದಿಲ್ಲ. ನೀರು ಚಿಮುಕಿಸಿ, ಟ್ರೇಯನ್ನು ಚೀಲ ಸಮೇತ ಆಟೋಕ್ಲೇವ್‌ಗೆ ಇಟ್ಟು, ಆಮೇಲಷ್ಟೇ ಹೊರಗೆ ಒಯ್ಯುತ್ತೇವೆ. ನಮ್ಮ ಜೊತೆಗಾರರು ಈಗ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಟ್ರೇ ಕೋಣೆಗೆ ಮತ್ತೆ ಕಾಲಿಡಬಾರದೆಂದು ವೈದ್ಯರು ಅವರಿಗೆ ಹೇಳಿದ್ದಾರೆ.