ಹಾಲು ಸುರಿಯುವವಳೋ, ಹೇನು ನೋಡುವ ತಾಯಿಯೋ?

ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿ ಡಚ್ ಮನೆಬದುಕಿನ ಒಂದೇ ಚಿತ್ರವನ್ನು ಸಾವಧಾನವಾಗಿ ನೋಡುವಷ್ಟು ಸಮಯವಿದ್ದರೆ, ಆಯ್ಕೆ ಈ ಎರಡರ ನಡುವೆ: ಯೊಹಾನೆಸ್ ವರ್ಮೀರನ ‘ಹಾಲು ಸುರಿಯುವ ಹೆಣ್ಣು’, ಪೀಟರ್ ಡಿ ಹೋಕ್‌ನ ‘ತಾಯಿಯ ಕರ್ತವ್ಯ’. ಎರಡೂ 1660ರ ಆಸುಪಾಸಿನವು. ಇಬ್ಬರೂ ಡೆಲ್ಫ್ಟ್ ಊರಲ್ಲಿ ಕೆಲಸ ಮಾಡಿದವರು.

ವರ್ಮೀರನದು 45.5 ಸೆಂ.ಮೀ. ಎತ್ತರದ ಪುಟ್ಟ ಚಿತ್ರ. ಹತ್ತಿರ ಹೋಗಿ ನೋಡಿ: ಬ್ರೆಡ್ಡಿನ ಮೇಲೆ ಬೆಳಕು ಚುಕ್ಕಿಚುಕ್ಕಿಯಾಗಿ ಕೂತಿದೆ. ಬಿಳಿ ಗೋಡೆಯಲ್ಲೊಂದು ಮೊಳೆ, ಮೊಳೆ ಕಿತ್ತ ತೂತು. ಕಿಟಕಿಯ ಒಂದು ಗಾಜು ಒಡೆದಿದೆ. ಆ ಬರಿಗೋಡೆಯೇ, ನನ್ನ ಪ್ರಕಾರ, ಚಿತ್ರದ ಜೀವ. ಆದರೆ ಇದರ ಮುಂದೆ ಜನ ಮುಗಿಬೀಳುತ್ತಾರೆ.

ಡಿ ಹೋಕ್‌ನಲ್ಲಿ ತಾಯಿ ಮಗುವಿನ ತಲೆಯನ್ನು ಮಡಿಲಿಗೆ ಒರಗಿಸಿಕೊಂಡು ಹೇನು ನೋಡುತ್ತಿದ್ದಾಳೆ. ಹಿಂದೆ ಗೋಡೆಯೊಳಗೇ ಕಟ್ಟಿದ ಮಂಚ. ತೆರೆದ ಬಾಗಿಲಾಚೆ ಇನ್ನೊಂದು ಕೋಣೆ, ಅದರಾಚೆ ಬಿಸಿಲು. ಪುಟ್ಟ ನಾಯಿ ನಮಗೆ ಬೆನ್ನು ಹಾಕಿ ಆ ಬೆಳಕಿನತ್ತ ಕೂತಿದೆ. ಆಕೃತಿಗಳಲ್ಲಿ ವರ್ಮೀರನ ಕಸುವಿಲ್ಲ, ನಿಜ. ಆದರೆ ಕೋಣೆಯಿಂದ ಕೋಣೆಗೆ ಕಣ್ಣನ್ನು ಕರೆದೊಯ್ಯುವುದರಲ್ಲಿ ಡಿ ಹೋಕ್ ಒಂದು ಕೈ ಮೇಲು.

ನೀವು ಚಿತ್ರ ಬರೆಯುವವರಾದರೆ ವರ್ಮೀರನ ಬಳಿಗೇ ಹೋಗಿ, ಬಣ್ಣ ಹಚ್ಚಿದ ರೀತಿಯೇ ದೊಡ್ಡ ಪಾಠ. ಉಳಿದವರಿಗೆ ನಾನು ಹೇಳುವುದು ಡಿ ಹೋಕ್. ಮಗುವಿನ ತಲೆ ನೋಡುವಂಥ ಕೆಲಸಕ್ಕೆ ಇಷ್ಟು ಮರ್ಯಾದೆ ಕೊಟ್ಟ ಚಿತ್ರ ಅಪರೂಪ.