ಒಂದು ವಿಪಿಎನ್ ಸೇವೆ: ಆರು ತಿಂಗಳ ಬಳಕೆಯ ನಂತರ

"ಈ ವಿಡಿಯೋ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ" ಎಂಬ ಸಾಲನ್ನು ಮೇಲಿಂದ ಮೇಲೆ ಓದಿ ಬೇಸತ್ತು ನಾನು ಈ ಸೇವೆಗೆ ಚಂದಾದಾರನಾದೆ. ವಿಪಿಎನ್ ಎಂದರೆ ನಮ್ಮ ಇಂಟರ್ನೆಟ್ ಸಂಚಾರವನ್ನು ಎನ್‌ಕ್ರಿಪ್ಟ್ ಮಾಡಿ (ಬೇರೆಯವರು ಓದಲಾಗದಂತೆ ಬದಲಿಸಿ) ಬೇರೆಡೆಯ ಸರ್ವರ್ ಮೂಲಕ ಸಾಗಿಸುವ ವ್ಯವಸ್ಥೆ. ಅದಕ್ಕೂ ಮೊದಲು ಉಚಿತ ಪ್ರಾಕ್ಸಿಗಳನ್ನು, ಅಂದರೆ ನಮ್ಮ ಪರವಾಗಿ ತಾಣಗಳನ್ನು ಸಂಪರ್ಕಿಸುವ ಮಧ್ಯವರ್ತಿ ಸರ್ವರ್‌ಗಳನ್ನು ಬಳಸುತ್ತಿದ್ದೆ. ಪ್ರಾಕ್ಸಿ ನಮ್ಮ ಐಪಿ ವಿಳಾಸವನ್ನು (ಇಂಟರ್ನೆಟ್‌ನಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆಯನ್ನು) ಮರೆಮಾಡುತ್ತದೆಯೇ ಹೊರತು ಸಾಮಾನ್ಯವಾಗಿ ತಾನಾಗಿ ಏನನ್ನೂ ಎನ್‌ಕ್ರಿಪ್ಟ್ ಮಾಡುವುದಿಲ್ಲ; ನಡೆಸುವವರು ಯಾರೆಂದೇ ತಿಳಿಯದ ಸರ್ವರ್ ಮೂಲಕ ಲಾಗಿನ್ ಆಗಲು ನನಗೆ ಧೈರ್ಯ ಬರಲಿಲ್ಲ.

ಅಳವಡಿಕೆ ಸುಲಭವಾಗಿತ್ತು. 2020ರಲ್ಲಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಸೇರ್ಪಡೆಯಾದ ವೈರ್‌ಗಾರ್ಡ್ ಎಂಬ ವಿಪಿಎನ್ ಪ್ರೋಟೊಕಾಲನ್ನೇ (ಸಂಪರ್ಕದ ನಿಯಮಾವಳಿಯನ್ನೇ) ಈ ಸೇವೆ ಬಳಸುವುದರಿಂದ ಸಂಪರ್ಕ ಕ್ಷಣಮಾತ್ರದಲ್ಲಿ ಏರ್ಪಡುತ್ತದೆ. ವೇಗದ ಬಗ್ಗೆ ನನ್ನ ದೂರಿಲ್ಲ.

ನಿಜವಾದ ತೊಂದರೆ ಮೊದಲ ವಾರದಲ್ಲೇ ಎದುರಾಯಿತು. ಆ್ಯಪ್‌ನಲ್ಲಿ ಹಸಿರು ಗುರುತು ಬಂದಿತ್ತು, ನಾನು ಆರಿಸಿದ ದೇಶದ ಹೆಸರೂ ಕಾಣುತ್ತಿತ್ತು, ಆದರೆ ವಿಡಿಯೋ ಪುಟದಲ್ಲಿ ಮಾತ್ರ ಅದೇ ಹಳೆಯ ಸಾಲು. ತಾಣದ ಹೆಸರನ್ನು ಐಪಿ ವಿಳಾಸವಾಗಿ ಬದಲಿಸುವ ವ್ಯವಸ್ಥೆಯೇ ಡಿಎನ್ಎಸ್; ಅದಕ್ಕೆ ಹೋಗುವ ಕೋರಿಕೆಗಳು ವಿಪಿಎನ್‌ನಿಂದ ಹೊರಗೆ ಸೋರುತ್ತಿವೆಯೇ ಎಂದು ಪರೀಕ್ಷೆ ಮಾಡಿ ನೋಡಿದಾಗ, ಫಲಿತಾಂಶದ ಪಟ್ಟಿಯಲ್ಲಿ ನನಗೆ ಇಂಟರ್ನೆಟ್ ಒದಗಿಸುವ ಕಂಪನಿಯ ಸರ್ವರೇ ಇತ್ತು: ಹಳೆಯ ಬಗೆಯ ಐಪಿ ವಿಳಾಸವಾದ ಐಪಿವಿ4ರ ಸಂಚಾರವೆಲ್ಲ ವಿಪಿಎನ್‌ನ ಎನ್‌ಕ್ರಿಪ್ಟ್ ಆದ ಸುರಂಗದೊಳಗೆ ಹೋಗುತ್ತಿದ್ದರೆ, ಹೊಸ ಬಗೆಯದಾದ ಐಪಿವಿ6 ಮೂಲಕ ಹೊರಡುವ ಕೋರಿಕೆಗಳು ಹೊರಗಿನಿಂದಲೇ ಸಾಗುತ್ತಿದ್ದವು, ಹಾಗಾಗಿ ನನ್ನ ನಿಜವಾದ ಪ್ರದೇಶ ಬಯಲಾಗುತ್ತಿತ್ತು. ಇದನ್ನು ತಡೆಯುವ ಆಯ್ಕೆ ಸೆಟ್ಟಿಂಗ್ಸ್‌ನ ಮೂರನೆಯ ಪುಟದಲ್ಲಿ, ಆಫ್ ಆಗಿಯೇ ಇತ್ತು. ಗೌಪ್ಯತೆಯ ಹೆಸರಿನಲ್ಲಿ ಹಣ ಪಡೆಯುವ ಕಂಪನಿ ಇದನ್ನು ಮೊದಲಿನಿಂದಲೇ ಆನ್ ಮಾಡಿರಬೇಕಿತ್ತು. ಇದು ಸಣ್ಣ ಲೋಪವೆಂದು ನಾನು ಒಪ್ಪಲಾರೆ.

ಅದು ಸರಿಯಾದ ಮೇಲೂ ಎಲ್ಲ ತಾಣಗಳು ತೆರೆಯಲಿಲ್ಲ. ಒಂದೇ ವಿಳಾಸದಿಂದ ಬಹಳಷ್ಟು ಖಾತೆಗಳು ಬಂದರೆ, ಅಥವಾ ಆ ವಿಳಾಸ ಮನೆಯ ಸಂಪರ್ಕದ್ದಲ್ಲ, ಸರ್ವರ್‌ಗಳನ್ನಿಡುವ ಡೇಟಾ ಸೆಂಟರ್‌ಗೆ ಸೇರಿದ್ದೆಂದು ಗೊತ್ತಾದರೆ ಸ್ಟ್ರೀಮಿಂಗ್ ತಾಣಗಳು ಅದನ್ನು ತಡೆಹಿಡಿಯುತ್ತವೆ. ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲೇ ಇಂಥ ಕ್ರಮವನ್ನು ಪ್ರಕಟಿಸಿತ್ತು. ಹಾಗಾಗಿ ಜಾಹೀರಾತಿನಲ್ಲಿ ಕಾಣುವ ದೇಶಗಳ ಉದ್ದ ಪಟ್ಟಿಗಿಂತ, ಒಂದೇ ದೇಶದಲ್ಲಿ ಬದಲಿಸಿ ನೋಡಲು ಎಷ್ಟು ಸರ್ವರ್‌ಗಳಿವೆ ಎಂಬುದೇ ಮುಖ್ಯ. ಸಹಾಯ ವಿಭಾಗದವರು ಆ ದಿನ ಕೆಲಸ ಮಾಡುತ್ತಿದ್ದ ಸರ್ವರನ್ನು ನೇರವಾಗಿ ಹೆಸರಿಸಿದ್ದು ನನಗೆ ಬಹಳ ಇಷ್ಟವಾಯಿತು. ಮೊಬೈಲ್‌ನಲ್ಲಿ ಮಾತ್ರ ಕೆಲವು ಆ್ಯಪ್‌ಗಳು ಜಿಪಿಎಸ್ ಅನ್ನೂ ಖಾತೆಯ ದೇಶವನ್ನೂ ನೋಡುವುದರಿಂದ ಐಪಿ ವಿಳಾಸವನ್ನು ಬದಲಿಸಿದರಷ್ಟೇ ಅಲ್ಲಿ ಸಾಲದು. ಇಂಥ ಬಳಕೆಯನ್ನು ಹಲವು ತಾಣಗಳ ನಿಯಮಗಳು ಒಪ್ಪುವುದಿಲ್ಲ ಎಂಬುದನ್ನೂ ಚಂದಾದಾರರಾಗುವ ಮೊದಲೇ ಓದಿಕೊಳ್ಳುವುದು ಒಳ್ಳೆಯದು.

ವಿಪಿಎನ್ ಕಡಿದರೆ ಇಂಟರ್ನೆಟನ್ನೇ ನಿಲ್ಲಿಸುವ ಕಿಲ್ ಸ್ವಿಚ್ ಅನ್ನು ಬೇಕೆಂದೇ ಪರೀಕ್ಷಿಸಿದೆ. ವಿಡಿಯೋ ನಡೆಯುತ್ತಿರುವಾಗ ವಿಪಿಎನ್ ಪ್ರಕ್ರಿಯೆಯನ್ನು ಬಲವಂತವಾಗಿ ನಿಲ್ಲಿಸಿದರೆ ಇಂಟರ್ನೆಟ್ ಪೂರ್ತಿ ನಿಂತಿತು, ನನ್ನ ನಿಜವಾದ ವಿಳಾಸ ಹೊರಬೀಳಲಿಲ್ಲ. ಈ ನಂಬಿಕೆಯಿಂದಲೇ ಚಂದಾವನ್ನು ಮುಂದುವರಿಸಿದ್ದೇನೆ, ಆದರೆ ತಿಂಗಳ ಲೆಕ್ಕದಲ್ಲಿ ಮಾತ್ರ. ಇಂದು ತೆರೆಯುವ ತಾಣ ನಾಳೆ ಮುಚ್ಚಬಹುದಾದ್ದರಿಂದ ಅವರ ಎರಡು ವರ್ಷದ ರಿಯಾಯಿತಿ ಯೋಜನೆಯನ್ನು ಬೇಡವೆಂದೆ.