ಹಳದಿ ಅಂದ್ರೆ ಹಗುರ ಅಂತ ನಂಬಬೇಡಿ: ಭುಜದ ವ್ಯಾಯಾಮದ ಬ್ಯಾಂಡ್ ಸೆಟ್

ಐದು ಬಣ್ಣದ ರೆಸಿಸ್ಟೆನ್ಸ್ ಬ್ಯಾಂಡ್ (ಎಳೆದು ವ್ಯಾಯಾಮ ಮಾಡುವ ರಬ್ಬರ್ ಪಟ್ಟಿ) ಸೆಟ್ ತರಿಸುವ ಮುಂಚೆ ಇದನ್ನು ಓದಿ. ಭುಜದ ನೋವಿನಿಂದ ಚೇತರಿಸಿಕೊಳ್ಳುವವರಿಗೆ ಬ್ಯಾಂಡಿನ ಬಣ್ಣ ಅಂದ್ರೆ ಮಾತ್ರೆಯ ಡೋಸ್ ಇದ್ದ ಹಾಗೆ. ಆ ಬಣ್ಣವೇ ಒಂದೊಂದು ಕಂಪನಿಯಲ್ಲಿ ಒಂದೊಂದು ಥರ!

ನನ್ನ ಬಲಭುಜದ ರೊಟೇಟರ್ ಕಫ್‌ನಲ್ಲಿ, ಅಂದ್ರೆ ಭುಜದ ಕೀಲನ್ನು ಹಿಡಿದಿಡುವ ಸಣ್ಣ ಸ್ನಾಯುಗಳ ಗುಂಪಿನಲ್ಲಿ, ಸುಪ್ರಾಸ್ಪೈನೇಟಸ್ ಎಂಬ ಸ್ನಾಯು ಸ್ವಲ್ಪ ಹರಿದಿತ್ತು. ಆಪರೇಷನ್ ಬೇಡ, ವ್ಯಾಯಾಮ ಸಾಕು ಎಂದರು ಡಾಕ್ಟರ್. ಮೊದಲು ಬಗ್ಗಿ ನಿಂತು ಕೈ ತೂಗಾಡಿಸುವುದು, ಗೋಡೆಗೆ ಕೈ ಒತ್ತುವುದು ಅಷ್ಟೇ. ಆಮೇಲೆ ಫಿಸಿಯೋಥೆರಪಿಸ್ಟ್ ಮೇಡಂ "ಹಳದಿ ಬ್ಯಾಂಡ್ ತಗೊಳ್ಳಿ" ಎಂದರು. ಕಡಿಮೆ ಬೆಲೆಗೆ ಐದೂ ಬಣ್ಣ ಸಿಗುತ್ತಲ್ವಾ ಅಂತ ಆನ್‌ಲೈನ್‌ನಲ್ಲಿ ಸೆಟ್ ತರಿಸಿದೆ.

ಅದರ ಹಳದಿ ಎಳೆದರೆ ಭುಜ ಕಿವಿಯ ಕಡೆ ಏರುತ್ತಿತ್ತು. ಹೊರೆ ಜಾಸ್ತಿಯಾದರೆ ಒಳಗಿನ ಸಣ್ಣ ಸ್ನಾಯುಗಳ ಕೆಲಸವನ್ನು ಮೇಲಿನ ದೊಡ್ಡ ಸ್ನಾಯುಗಳು ಎಳೆದುಕೊಳ್ಳುತ್ತವೆ. ಆಗ ವ್ಯಾಯಾಮ ಯಾವುದಕ್ಕೋ ಆಗುತ್ತದೆ, ನೋವು ಮಾತ್ರ ಅಲ್ಲೇ ಉಳಿಯುತ್ತದೆ. ಲಗೇಜ್ ತೂಗುವ ಕೊಕ್ಕೆಯ ತಕ್ಕಡಿಗೆ ಸಿಕ್ಕಿಸಿ ಎರಡರಷ್ಟು ಉದ್ದಕ್ಕೆ ಎಳೆದು ನೋಡಿದೆ. ಮೂರು ಕಿಲೋ ದಾಟಿತು. ಫಿಸಿಯೋಥೆರಪಿಯಲ್ಲಿ ಬಳಸುವ ಥೆರಾಬ್ಯಾಂಡ್ ಎಂಬ ಬ್ರ್ಯಾಂಡ್‌ನಲ್ಲಿ ಹಳದಿ ಅಷ್ಟೇ ಎಳೆತಕ್ಕೆ ಸುಮಾರು 1.3 ಕಿಲೋ, ಕೆಂಪು 1.7, ಹಸಿರು 2.1. ಮೇಡಂ ಹೇಳಿದ ಹಳದಿ ಅದು. ಸೆಟ್ಟಿನ ಡಬ್ಬಿ ಮೇಲೆ ತೂಕದ ಒಂದು ಅಂಕಿಯೂ ಇಲ್ಲ. ಗಾಯವಾದವರು ಕೊಳ್ಳುವ ಸಾಮಾನಿಗೆ ಇಷ್ಟು ಉದಾಸೀನ ಸರಿಯಲ್ಲ.

ಸರ್ಜಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕಕ್ಕೆ ಆ ಹಳದಿಯನ್ನೇ ತಂದೆ. ಇದರ ಮೇಲೆ ಮಾತ್ರ ನನಗೆ ನಿಜವಾದ ಪ್ರೀತಿ.

ಬೆಳಿಗ್ಗೆ ಕಾಫಿಗೆ ಹಾಲು ಕಾಯುವಾಗ ಅಡುಗೆಮನೆ ಕಿಟಕಿಯ ಸರಳಿಗೆ ಬ್ಯಾಂಡ್ ಕಟ್ಟುತ್ತೇನೆ. ಹಳೇ ಟವೆಲ್ ಸುರುಳಿ ಸುತ್ತಿ ಮೊಣಕೈ ಮತ್ತು ಪಕ್ಕೆಯ ನಡುವೆ ಇಟ್ಟುಕೊಳ್ಳುತ್ತೇನೆ. ಟವೆಲ್ ಜಾರಿದರೆ ಮೊಣಕೈ ದೂರ ಹೋಯಿತು ಅಂತ ಗೊತ್ತಾಗುತ್ತದೆ. ಮುಂಗೈ ಹೊರಗೆ ನಿಧಾನಕ್ಕೆ, ಒಳಗೆ ಬರುವಾಗ ಇನ್ನೂ ನಿಧಾನಕ್ಕೆ. ಭುಜ ಬಿಗಿ ಎನಿಸಿದ ದಿನ ಕಿಟಕಿಗೆ ಅರ್ಧ ಹೆಜ್ಜೆ ಹತ್ತಿರ ನಿಂತರೆ ಸಾಕು, ಹೊರೆ ಇಳಿಯುತ್ತದೆ. ಡಂಬೆಲ್‌ನಲ್ಲಿ ಈ ಸೌಕರ್ಯ ಇಲ್ಲ. ಆಮೇಲೆ ಎದೆಮಟ್ಟಕ್ಕೆ ಕಟ್ಟಿ ಹಿಂದಕ್ಕೆ ಎಳೆಯುವುದು. ಕೊನೆಗೆ ಬ್ಯಾಂಡ್ ಬಿಟ್ಟು ಬರಿಗೈ ಎತ್ತುವುದು: ಹೆಬ್ಬೆರಳು ಮೇಲಕ್ಕೆ, ಕೈ ತೀರಾ ಪಕ್ಕಕ್ಕಲ್ಲ, ಸ್ವಲ್ಪ ಮುಂದಕ್ಕೆ, ಭುಜದ ಮಟ್ಟದವರೆಗೆ. ತಲೆಯ ಮೇಲೆ ಭಾರ ಎತ್ತುವುದನ್ನು ಮೇಡಂ ಇನ್ನೂ ಬೇಡ ಎಂದಿದ್ದಾರೆ. ರಾತ್ರಿ ನೋವು ಹೆಚ್ಚಾದರೆ ಮರುದಿನ ಎಳೆತ ಕಡಿಮೆ, ಅದೇ ನನ್ನ ಅಳತೆ.

ನಾನು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಬೋರ್ಡಿನ ಮೇಲಿನ ಸಾಲಿನಲ್ಲಿ ಈಗ ಎಡಗೈ ಆಸರೆಯಿಲ್ಲದೆ ಬರೆಯುತ್ತೇನೆ. ಈ ಖುಷಿಗೆ ಬೆಲೆ ಕಟ್ಟಲಾರೆ.

ರಬ್ಬರ್ ಬಿಸಿಲಿಗೆ ಬೇಗ ಹಾಳಾಗುತ್ತದೆ. ನನ್ನದು ಗಂಟಿನ ಹತ್ತಿರ ಸೀಳು ಬಿಟ್ಟಿತು, ಹೊಸ ತುಂಡು ತಂದೆ. ಕೆಲಸ ಮುಗಿದ ಮೇಲೆ ಬಿಚ್ಚಿ, ಅಂಟದ ಹಾಗೆ ಸ್ವಲ್ಪ ಪೌಡರ್ ಹಾಕಿ ನೆರಳಲ್ಲಿಡಿ. ಎಳೆಯುವ ಮುಂಚೆ ಸೀಳಿದೆಯಾ ಅಂತ ನೋಡಿ, ಕಿತ್ತರೆ ಕಣ್ಣಿಗೇ ಬಡಿಯಬಹುದು. ಲೇಟೆಕ್ಸ್ ಅಲರ್ಜಿ ಇದ್ದವರು ಲೇಟೆಕ್ಸ್ ಇಲ್ಲದ್ದನ್ನೇ ಕೇಳಿ ತಗೊಳ್ಳಿ.

ಮೀಟರ್ ಲೆಕ್ಕದ ಹಳದಿಗೆ ಐದಕ್ಕೆ ಐದು. ಸೆಟ್ಟಿಗೆ ಒಂದು, ಅದೂ ಅದರ ಜೊತೆ ಬಂದ ಚೀಲಕ್ಕೆ.